ರಬ್ಬರಿನ ವಯಸ್ಸು, ಲೋಹದ ವಯಸ್ಸು

ಮೋಟಾರು ವಾಹನಕ್ಕೆ ಎರಡು ಬಗೆಯ ವಯಸ್ಸಿದೆ. ಒಂದನ್ನು ಓಡೋಮೀಟರ್, ಎಂದರೆ ವಾಹನ ಕ್ರಮಿಸಿದ ದೂರದ ಲೆಕ್ಕವಿಡುವ ಮಾಪಕ, ಕಿಲೋಮೀಟರುಗಳಲ್ಲಿ ತೋರಿಸುತ್ತದೆ. ಇನ್ನೊಂದು ಯಾವ ಮಾಪಕದಲ್ಲೂ ಕಾಣಿಸದೆ, ವಾಹನ ಶೆಡ್ಡಿನಲ್ಲಿ ನಿಂತಿದ್ದಾಗಲೂ ಏರುತ್ತಲೇ ಇರುತ್ತದೆ. ಹಲ್ಲುಚಕ್ರ, ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್ ಮೊದಲಾದ ಲೋಹದ ಭಾಗಗಳು ಸವೆಯುವುದು ಬಹುಮಟ್ಟಿಗೆ ಮೊದಲನೆಯ ವಯಸ್ಸಿಗೆ ತಕ್ಕಂತೆ. ರಬ್ಬರಿನ ಸೀಲು, ಪ್ಲಾಸ್ಟಿಕ್ ಕೊಳವೆ, ಕೂಲೆಂಟ್, ಬ್ಯಾಟರಿ, ಟೈರುಗಳು ಹಾಳಾಗುವುದು ಎರಡನೆಯದಕ್ಕೆ ತಕ್ಕಂತೆ. ಎಂಟು ಹತ್ತು ವರ್ಷ ಹಳೆಯದಾದ ಐಷಾರಾಮಿ ಎಸ್‌ಯುವಿಯನ್ನು, ಅಂದರೆ ಎತ್ತರದ ಮೈಯ, ನಾಲ್ಕೂ ಚಕ್ರಗಳಿಗೆ ಶಕ್ತಿ ಹಾಯಿಸಬಲ್ಲ ದುಬಾರಿ ಕಾರನ್ನು, ಕೊಳ್ಳುವವರು ಸಾಮಾನ್ಯವಾಗಿ ಮೊದಲ ವಯಸ್ಸನ್ನು ವಿಚಾರಿಸಿ ಬೆಲೆ ಕಟ್ಟುತ್ತಾರೆ. ಆದರೆ ಮುಂದೆ ಗ್ಯಾರೇಜಿಗೆ ತೆರುವ ಹಣದಲ್ಲಿ ದೊಡ್ಡ ಪಾಲು ಎರಡನೆಯ ವಯಸ್ಸಿನ ಲೆಕ್ಕಕ್ಕೆ ಸಲ್ಲುತ್ತದೆ.

ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಪ್ರದರ್ಶನಕ್ಕಿಟ್ಟಿರುವ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಕಾರು ನಿಜಾಮರ ಕಾಲದಲ್ಲಿ ವಿಶೇಷ ಸಮಾರಂಭಗಳಿಗಷ್ಟೇ ಹೊರಬರುತ್ತಿತ್ತು. ಒಂದು ಶತಮಾನ ದಾಟಿದ ಅಂಥ ಕಾರಿನ ಲೋಹದ ಸವೆತ ಅತ್ಯಲ್ಪವಾಗಿರಬಹುದು. ಆದರೆ ಅದೇ ಕಾಲದ ರಬ್ಬರಿನ ಕೊಳವೆಯನ್ನೂ ಟೈರನ್ನೂ ಹಾಗೆಯೇ ಉಳಿಸಿಕೊಂಡು ಅದನ್ನು ರಸ್ತೆಗಿಳಿಸುವುದು ಸಾಧ್ಯವಿಲ್ಲ. ಇಂದಿನ ಮಾರುಕಟ್ಟೆಯಲ್ಲಿ 'ಕಡಿಮೆ ಓಡಿದ ಗಾಡಿ' ಎಂಬ ಮಾತಿಗೆ ಸಿಗುವ ಬೆಲೆಯನ್ನು ನೋಡಿದರೆ, ಈ ಸರಳ ಸಂಗತಿ ಹಲವರಿಗೆ ಮನದಟ್ಟಾಗಿಲ್ಲವೆಂದೇ ಹೇಳಬೇಕಾಗುತ್ತದೆ.

ಹೈದರಾಬಾದು ಇಂಥ ವಾಹನಗಳ ಕೈಬದಲಾವಣೆಗೆ ಹೇಳಿ ಮಾಡಿಸಿದಂಥ ಊರು. ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್, ಗಚ್ಚಿಬೌಲಿ ಕಡೆಯ ಮನೆಗಳಲ್ಲಿ ಕೆಲವೇ ವರ್ಷ ಬಳಕೆಯಾದ ಮರ್ಸಿಡಿಸ್, ಬಿಎಂಡಬ್ಲ್ಯೂ, ಆಡಿ, ಲ್ಯಾಂಡ್ ರೋವರ್ ಎಸ್‌ಯುವಿಗಳು ಎರಡನೆಯ, ಮೂರನೆಯ ಒಡೆಯರ ಕೈಗೆ ಬರುತ್ತವೆ. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದು ಇಂದಿಗೂ ಆಸ್ಪತ್ರೆಗೂ ವ್ಯಾಪಾರಕ್ಕೂ ಈ ಊರಿನತ್ತ ಮುಖ ಮಾಡುವ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳವರಿಗೂ ಇದು ಹತ್ತಿರದ ಪೇಟೆ. ಊರಿನ ಹವೆಯಾದರೋ ರಬ್ಬರಿಗೆ ಒಗ್ಗುವಂಥದ್ದಲ್ಲ. ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದ ದಖನ್ ಪೀಠಭೂಮಿಯ ಮೇಲಿರುವ ಈ ನಗರದಲ್ಲಿ ಮೇ ತಿಂಗಳ ಮಧ್ಯಾಹ್ನಗಳು 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ತಾಪ 60 ಡಿಗ್ರಿಯನ್ನು ಮೀರಬಲ್ಲದು. ಓಡಿ ಬಂದು ನಿಂತ ಎಂಜಿನ್ನಿನ ಸುತ್ತ ಅದು ಇನ್ನೂ ಹೆಚ್ಚು.

ರಾಸಾಯನಿಕ ಕ್ರಿಯೆಯ ವೇಗಕ್ಕೂ ತಾಪಕ್ಕೂ ಇರುವ ಸಂಬಂಧವನ್ನು ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರ್ರೇನಿಯಸ್ 1889ರಲ್ಲಿ ಸಮೀಕರಣದ ರೂಪದಲ್ಲಿ ವಿವರಿಸಿದನು. ಅದರಿಂದ ಹೊರಡುವ ಒಂದು ಸ್ಥೂಲ ಅಂದಾಜಿನಂತೆ, ತಾಪ 10 ಡಿಗ್ರಿ ಏರಿದಾಗಲೆಲ್ಲ ಅನೇಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ. ರಬ್ಬರು ಎಂದರೆ ಉದ್ದುದ್ದ ಅಣುಸರಪಳಿಗಳ ಹೆಣಿಗೆ. ಗಾಳಿಯ ಆಮ್ಲಜನಕ ಮತ್ತು ಓಜೋನ್ ಆ ಸರಪಳಿಗಳನ್ನು ಅಲ್ಲಲ್ಲಿ ಕಡಿಯುತ್ತವೆ, ಕೆಲವೆಡೆ ಹೊಸ ಗಂಟು ಹಾಕುತ್ತವೆ, ಅದರಿಂದಾಗಿ ಮೆತ್ತಗೆ ಬಾಗುತ್ತಿದ್ದ ವಸ್ತು ಕ್ರಮೇಣ ಬಿರುಸಾಗಿ, ಕುಗ್ಗಿ, ಬಿರುಕು ಬಿಡುತ್ತದೆ. ಯುರೋಪಿನ ತಂಪು ಊರಿನಲ್ಲಿ ಹದಿನೈದು ವರ್ಷ ಬಾಳಬಹುದಾದ ಸೀಲು ಇಲ್ಲಿ ಅದಕ್ಕಿಂತ ಬೇಗ ಕೈಕೊಟ್ಟರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಐಷಾರಾಮಿ ಎಸ್‌ಯುವಿಯಲ್ಲಿ ಈ ಸಮಸ್ಯೆ ಸಣ್ಣ ಕಾರಿಗಿಂತ ತೀವ್ರವಾಗಿ ಕಾಡುವುದಕ್ಕೆ ಕಾರಣ ವಸ್ತುವಿನ ಗುಣಮಟ್ಟಕ್ಕಿಂತ ಹೆಚ್ಚಾಗಿ ಅದನ್ನು ಇಟ್ಟಿರುವ ಜಾಗ. ಎರಡರಿಂದ ಎರಡೂವರೆ ಟನ್ ತೂಗುವ ಮೈಯನ್ನು ಸದ್ದಿಲ್ಲದೆ, ವೇಗವಾಗಿ, ಶುದ್ಧ ಹೊಗೆಯೊಂದಿಗೆ ಓಡಿಸಬೇಕೆಂದು ಎಂಜಿನ್ನಿನ ಸುತ್ತ ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ತಣಿಸುವ ಕೂಲರುಗಳು, ಹೊಗೆ ಮರುಬಳಕೆಯ ಕವಾಟ, ಹತ್ತಾರು ಸೆನ್ಸರುಗಳನ್ನು ಪದರ ಪದರವಾಗಿ ತುಂಬಿರುತ್ತಾರೆ. ಮರ್ಸಿಡಿಸ್ ಸಂಸ್ಥೆ 2005ರ ಸುಮಾರಿಗೆ ತಂದ 'ಒಎಂ642' ಎಂಬ ಮೂರು ಲೀಟರಿನ ಡೀಸೆಲ್ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ; ಭಾರತದಲ್ಲಿ ಎಂಎಲ್ ಮತ್ತು ಜಿಎಲ್ ಎಸ್‌ಯುವಿಗಳಲ್ಲಿ ಇದು ಬಂದಿದೆ. ಆರು ಸಿಲಿಂಡರುಗಳು ಮೂರು ಮೂರರಂತೆ ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ ಎರಡು ಬದಿಗೆ ವಾಲಿಕೊಂಡಿದ್ದು, ಅವುಗಳ ನಡುವಿನ ಕಣಿವೆಯಲ್ಲಿ ಎಂಜಿನ್ ಆಯಿಲನ್ನು ತಣಿಸುವ ಆಯಿಲ್ ಕೂಲರ್ ಕುಳಿತಿರುತ್ತದೆ. ಅದರ ತಳದಲ್ಲಿ ಆಯಿಲ್ ಹಾದುಹೋಗುವ ರಂಧ್ರಗಳ ಸುತ್ತ ಎರಡು ಪುಟ್ಟ ಸೀಲುಗಳಿವೆ. ಮೊದಲು ಬಂದವು ಕಿತ್ತಳೆ ಬಣ್ಣದವು. ಬಿಸಿ ಆಯಿಲಿನಲ್ಲಿ ವರ್ಷಗಟ್ಟಲೆ ನೆನೆದು ಅವು ಗಡುಸಾಗಿ ಸೋರತೊಡಗಿದ್ದರಿಂದ ಮುಂದೆ ಹೆಚ್ಚು ತಾಪ ತಾಳುವ ಫ್ಲೋರಿನ್‌ಯುಕ್ತ ರಬ್ಬರಿನ ನೇರಳೆ ಬಣ್ಣದ ಸೀಲುಗಳು ಬಂದವು. ಸೀಲಿನ ಬೆಲೆ ಅಲ್ಪ. ಆದರೆ ಅದನ್ನು ತಲುಪಬೇಕಾದರೆ ಮೇಲಿನ ಗಾಳಿನಾಳಗಳು, ಟರ್ಬೊ, ಕಣಿವೆಯನ್ನು ಮುಚ್ಚಿರುವ ಕೊಳವೆಗಳೆಲ್ಲವನ್ನೂ ಬಿಚ್ಚಬೇಕು. ಕೈಪಳಗಿದ ಮೆಕ್ಯಾನಿಕ್‌ಗೂ ಅದು ದಿನಗಟ್ಟಲೆಯ ಕೆಲಸ. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ಇಲ್ಲಿ ಪೂರ್ತಿ ಸತ್ಯ: ಬಿಲ್ಲಿನಲ್ಲಿ ಸಾಮಾನಿಗಿಂತ ಕೂಲಿಯೇ ಹೆಚ್ಚು.

ಈ ಸೋರಿಕೆಯಲ್ಲಿ ದಾರಿ ತಪ್ಪಿಸುವ ಇನ್ನೊಂದು ಗುಣವಿದೆ. ಕಣಿವೆಯಲ್ಲಿ ತುಂಬಿಕೊಂಡ ಆಯಿಲ್ ಎಂಜಿನ್ನಿನ ಹಿಂಬದಿಯಿಂದ ಇಳಿದು, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಗಂಟೆಯಾಕಾರದ ಹೊದಿಕೆಯ, ಎಂದರೆ ಬೆಲ್‌ಹೌಸಿಂಗಿನ, ತಳದಲ್ಲಿ ತೊಟ್ಟಿಕ್ಕುತ್ತದೆ. ಕೆಳಗಿನಿಂದ ನೋಡಿದವರು ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲು ಹೋಗಿದೆಯೆಂದು ತೀರ್ಮಾನಿಸಿ ಗೇರ್‌ಬಾಕ್ಸ್ ಇಳಿಸಿ, ಆ ಸೀಲು ಬದಲಿಸಿ, ಮರಳಿ ಕೂಡಿಸಿದ ಮೇಲೂ ಸೋರಿಕೆ ನಿಲ್ಲದಿರುವುದುಂಟು. ದ್ರವ ಎಲ್ಲಿ ತೊಟ್ಟಿಕ್ಕುತ್ತದೆಯೋ ಅಲ್ಲಿಯೇ ಹುಟ್ಟಿರಬೇಕಾಗಿಲ್ಲ; ಆದುದರಿಂದ ಎಂಜಿನ್ನನ್ನು ತೊಳೆದು ಒಣಗಿಸಿ, ಆಯಿಲಿಗೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ ಬೆರೆಸಿ ಸ್ವಲ್ಪ ದೂರ ಓಡಿಸಿ, ಮೇಲಿನಿಂದ ಕೆಳಕ್ಕೆ ಜಾಡು ಹಿಡಿಯುವುದೇ ಸರಿಯಾದ ಕ್ರಮ.

ಇಂಥದೇ ಜಾಗದ ಸಮಸ್ಯೆ ಬಿಎಂಡಬ್ಲ್ಯೂದ ಎಕ್ಸ್1 ಮತ್ತು ಎಕ್ಸ್3ಗಳಲ್ಲಿ ಬಂದ 'ಎನ್47' ಎಂಬ ಎರಡು ಲೀಟರಿನ ಡೀಸೆಲ್ ಎಂಜಿನ್ನಿನದು. ಕವಾಟಗಳು ಪಿಸ್ಟನ್ನಿನ ಚಲನೆಗೆ ಸರಿಹೊಂದಿ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಟೈಮಿಂಗ್ ಚೈನ್ ಹಲವು ಎಂಜಿನ್ನುಗಳಲ್ಲಿ ಮುಂಬದಿಯಲ್ಲಿದ್ದರೆ, ಇದರಲ್ಲಿ ಗೇರ್‌ಬಾಕ್ಸಿನ ಕಡೆಗಿದೆ. ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಶನರ್ ಆಯಿಲಿನ ಒತ್ತಡದಿಂದ ಕೆಲಸ ಮಾಡುತ್ತದೆ. ಚೈನ್ ಉಜ್ಜುತ್ತ ಸಾಗುವ ದಾರಿಯಲ್ಲಿ ಪ್ಲಾಸ್ಟಿಕ್ ಗೈಡುಗಳಿವೆ. ಆಯಿಲ್ ಹಳಸಿ ತೆಳುವಾದಾಗ ಇವೆಲ್ಲವೂ ಸವೆದು, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಹಿಂಬದಿಯಿಂದ ಸರಪಳಿ ಅಲುಗಾಡಿದಂಥ ಗರಗರ ಸದ್ದು ಕೇಳಿಸುತ್ತದೆ. ಆ ಸದ್ದನ್ನು ಕಡೆಗಣಿಸಿ ಚೈನ್ ತುಂಡಾದರೆ ಕವಾಟಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಹಾಳಾಗುತ್ತದೆ.

ಹೀಗಾಗಿ ಆಯಿಲಿನ ವಿಷಯದಲ್ಲಿ ಜಿಪುಣತನ ಸಲ್ಲದು. ತಯಾರಕರು ಒಮ್ಮೊಮ್ಮೆ 15,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಬದಲಿಸಿದರೆ ಸಾಕೆನ್ನುವುದು ನಿಜವಾದರೂ, ಮೆಹದಿಪಟ್ನಂ ಅಥವಾ ಕುಕಟ್‌ಪಲ್ಲಿಯ ಸಂಜೆಯ ದಟ್ಟಣೆಯಲ್ಲಿ ನಿಂತು ನಿಂತು ಸಾಗುವ ವಾಹನದ ಎಂಜಿನ್ ದೂರ ಕ್ರಮಿಸದೆಯೇ ಗಂಟೆಗಟ್ಟಲೆ ತಿರುಗುತ್ತಿರುತ್ತದೆ. ಕಿಲೋಮೀಟರ್ ಮಾಪಕ ಆ ಗಂಟೆಗಳನ್ನು ಎಣಿಸುವುದಿಲ್ಲ. ಹಳೆಯ ಡೀಸೆಲ್ ಎಸ್‌ಯುವಿಗೆ ನಗರದೊಳಗಿನ ಬಳಕೆಯಲ್ಲಿ 8,000ದಿಂದ 10,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸುವುದು ಹೆಚ್ಚಿನ ಖರ್ಚಿನಂತೆ ತೋರಿದರೂ, ಒಂದು ಚೈನ್ ಕೆಲಸದ ಬಿಲ್ಲಿನ ಮುಂದೆ ಅದು ಏನೂ ಅಲ್ಲ.

ಯಾವ ಆಯಿಲ್ ಎಂಬ ಪ್ರಶ್ನೆಗೆ ಉತ್ತರ ಹೊಗೆಕೊಳವೆಯಲ್ಲಿದೆ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಹಿಡಿದಿಡಲು ಸಿರಾಮಿಕ್ಕಿನ ಜೇನುಗೂಡಿನಂಥ ಶೋಧಕವೊಂದನ್ನು ಹೊಗೆಯ ದಾರಿಯಲ್ಲಿ ಕೂಡಿಸಿರುತ್ತಾರೆ. ಗ್ಯಾರೇಜಿನವರು ಇದನ್ನು 'ಡಿಪಿಎಫ್' ಎಂದು ಕರೆಯುತ್ತಾರೆ. ಹೈದರಾಬಾದಿನಲ್ಲಿ ಬಿಎಸ್4 ಹೊಗೆ ನಿಯಮ 2010ರಲ್ಲಿಯೇ ಬಂದಿತ್ತು, ಬಿಎಸ್6 ನಿಯಮ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಯಾಯಿತು. ಬಿಎಸ್6 ಡೀಸೆಲ್ ಕಾರುಗಳಲ್ಲಿಯೂ ಅದಕ್ಕೂ ಹಿಂದಿನ ಕೆಲವು ದುಬಾರಿ ಡೀಸೆಲ್ ಕಾರುಗಳಲ್ಲಿಯೂ ಈ ಶೋಧಕವಿದೆ. ಅದರ ಕಾಲುವೆಗಳ ಬಾಯಿಯನ್ನು ಒಂದು ಬಿಟ್ಟು ಒಂದರಂತೆ ಮುಚ್ಚಿರುವುದರಿಂದ ಹೊಗೆ ಸೂಕ್ಷ್ಮರಂಧ್ರಗಳುಳ್ಳ ಗೋಡೆಗಳ ಮೂಲಕವೇ ನುಸುಳಬೇಕು, ಮಸಿ ಗೋಡೆಗಂಟಿ ಉಳಿಯುತ್ತದೆ. ಕೂಡಿಕೊಂಡ ಮಸಿಯನ್ನು ಆಗಾಗ ಸುಡಬೇಕು. ಅದಕ್ಕೆ 600 ಡಿಗ್ರಿಯ ಆಸುಪಾಸಿನ ತಾಪ ಬೇಕು. ಹೆದ್ದಾರಿಯಲ್ಲಿ ಎಂಜಿನ್ ಹೊರೆಹೊತ್ತು ಓಡುವಾಗ ಹೊಗೆ ಸಾಕಷ್ಟು ಬಿಸಿಯಾಗಿ ಮಸಿ ತಾನಾಗಿ ಕರಗುತ್ತ ಹೋಗುತ್ತದೆ. ಊರೊಳಗೆ ಹೊಗೆ ಅಷ್ಟು ಬಿಸಿಯಾಗುವುದೇ ಇಲ್ಲ. ಆಗ ಎಂಜಿನ್ನಿನ ಕಂಪ್ಯೂಟರು ದಹನ ಮುಗಿದ ನಂತರವೂ ಸಿಲಿಂಡರಿಗೆ ಇನ್ನಷ್ಟು ಡೀಸೆಲ್ ಸಿಂಪಡಿಸಿ, ಅದು ಹೊಗೆಯೊಂದಿಗೆ ಸಾಗಿ ವೇಗವರ್ಧಕದಲ್ಲಿ, ಎಂದರೆ ಹೊಗೆಯ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ, ಉರಿದು ಶೋಧಕ ಕಾಯುವಂತೆ ಮಾಡುತ್ತದೆ. ಈ ಕ್ರಿಯೆಗೆ ಹತ್ತಿಪ್ಪತ್ತು ನಿಮಿಷ ಬೇಕು. ಮನೆ ತಲುಪಿದ ಚಾಲಕನು ನಡುವೆಯೇ ಕೀಲಿ ತಿರುಗಿಸಿ ಎಂಜಿನ್ ಆರಿಸಿದರೆ ಮಸಿ ಅರ್ಧ ಸುಟ್ಟು ಉಳಿಯುತ್ತದೆ, ಮಾರನೆಯ ದಿನ ಕಂಪ್ಯೂಟರು ಮತ್ತೆ ಮೊದಲಿನಿಂದ ಆರಂಭಿಸುತ್ತದೆ.

ಹೀಗೆ ಪದೇ ಪದೇ ಸಿಂಪಡಿಸಿದ ಡೀಸೆಲ್ ಎಲ್ಲವೂ ಹೊಗೆಯೊಂದಿಗೆ ಹೊರಹೋಗುವುದಿಲ್ಲ. ಅದರ ಒಂದಂಶ ಸಿಲಿಂಡರಿನ ಗೋಡೆಗಂಟಿ, ಪಿಸ್ಟನ್ ಉಂಗುರಗಳನ್ನು ದಾಟಿ, ತಳದ ಆಯಿಲಿನಲ್ಲಿ ಬೆರೆಯುತ್ತದೆ. ಪೆಟ್ರೋಲಿನಂತೆ ಡೀಸೆಲ್ ಬೇಗ ಆವಿಯಾಗದ ಕಾರಣ ಅಲ್ಲಿಯೇ ಉಳಿಯುತ್ತದೆ. ಆಯಿಲಿನ ಮಟ್ಟ ದಿನೇ ದಿನೇ ಏರುತ್ತಿರುವುದನ್ನು ಕಂಡು, ಎಂಜಿನ್ ಆಯಿಲನ್ನೇ ಕುಡಿಯುತ್ತಿಲ್ಲವೆಂದು ಒಡೆಯರು ಸಂತೋಷಪಡುವುದುಂಟು. ವಾಸ್ತವದಲ್ಲಿ ಅದು ಅಪಾಯದ ಕುರುಹು. ತೆಳುವಾದ ಆಯಿಲಿನ ಸ್ನಿಗ್ಧತೆ, ಎಂದರೆ ಲೋಹದ ಎರಡು ಮೈಗಳ ನಡುವೆ ಹರಿದುಹೋಗದೆ ಪದರವಾಗಿ ನಿಲ್ಲುವ ಗುಣ, ಕುಗ್ಗುತ್ತದೆ. ಆಗ ಮೊದಲು ನರಳುವುದು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊವಿನ ಬೇರಿಂಗು, ಅದರ ಹಿಂದೆಯೇ ಮೇಲೆ ಹೇಳಿದ ಚೈನು. ಒಂದು ಶೋಧಕದ ತೊಂದರೆ ಹೀಗೆ ಇಡೀ ಎಂಜಿನ್ನಿನ ತೊಂದರೆಯಾಗಿ ಬೆಳೆಯುತ್ತದೆ.

ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗದು. ಸಾಧಾರಣ ಆಯಿಲಿನಲ್ಲಿರುವ ಲೋಹದ ಲವಣಗಳು ಉರಿದು ಉಳಿಸುವ ಬೂದಿ ಶೋಧಕದಲ್ಲಿ ಕಾಯಂ ಆಗಿ ನೆಲೆಸುವುದರಿಂದ, ಇಂಥ ಎಂಜಿನ್ನುಗಳಿಗೆ ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕು. ಡಬ್ಬಿಯ ಮೇಲೆ ಬಿಎಂಡಬ್ಲ್ಯೂಗೆ 'ಎಲ್ಎಲ್-04', ಮರ್ಸಿಡಿಸ್‌ಗೆ '229.51', ಆಡಿಗೆ '507 00' ಎಂಬಂಥ ಒಪ್ಪಿಗೆಯ ಗುರುತಿರುವುದನ್ನು ವಾಹನದ ಕೈಪಿಡಿಯೊಂದಿಗೆ ತಾಳೆ ನೋಡದೆ, ದಪ್ಪ ತೆಳುವಿನ ಸಂಖ್ಯೆಯನ್ನಷ್ಟೇ ನೋಡಿ ಕೊಳ್ಳುವುದು ತಪ್ಪು. ಶೋಧಕವನ್ನೇ ಕತ್ತರಿಸಿ ತೆಗೆದು, ಕಂಪ್ಯೂಟರಿಗೆ ಅದರ ನೆನಪು ಅಳಿಸಿಕೊಡುವ ಕೆಲಸಗಾರರೂ ಎಲ್ಲ ದೊಡ್ಡ ಊರುಗಳಲ್ಲಿದ್ದಾರೆ. ಅದು ಕಾನೂನಿಗೆ ವಿರುದ್ಧವಷ್ಟೇ ಅಲ್ಲ. ಆ ಮಸಿ ನೇರವಾಗಿ ಹೋಗುವುದು ಹಿಂದಿನ ಬೈಕಿನ ಸವಾರನ ಮತ್ತು ರಸ್ತೆಬದಿಯಲ್ಲಿ ಹಣ್ಣು ಮಾರುವವರ ಶ್ವಾಸಕೋಶಕ್ಕೆ. ಅದರ ಅಗತ್ಯವೂ ಇಲ್ಲ: ನಗರವನ್ನು ಸುತ್ತುವರಿದ 158 ಕಿಲೋಮೀಟರಿನ ಹೊರವರ್ತುಲ ರಸ್ತೆಯಲ್ಲಿ ಸಿಗ್ನಲುಗಳಿಲ್ಲ, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಗಚ್ಚಿಬೌಲಿಯಿಂದ ಶಂಶಾಬಾದಿನವರೆಗೆ ಒಂದೇ ಹದದ ವೇಗದಲ್ಲಿ ಹೋಗಿಬಂದರೆ, ಬೇರೆ ದೋಷವಿಲ್ಲದ ಶೋಧಕ ತನ್ನನ್ನು ತಾನೇ ಶುಚಿಮಾಡಿಕೊಳ್ಳುತ್ತದೆ.

ಎಂಜಿನ್ನನ್ನು ತಣಿಸುವ ವ್ಯವಸ್ಥೆಯಲ್ಲಿಯೂ ಪ್ಲಾಸ್ಟಿಕ್ಕಿನದೇ ಕಥೆ. ಹೈದರಾಬಾದಿನ ಎತ್ತರದಲ್ಲಿ ಬರಿಯ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಗ್ಲೈಕಾಲ್ ಬೆರೆಸಿದ ಕೂಲೆಂಟನ್ನು ಮುಚ್ಚಳದ ಬಲದಿಂದ ಒತ್ತಡದಲ್ಲಿಟ್ಟಾಗ ಕುದಿಬಿಂದು 125 ಡಿಗ್ರಿಯನ್ನು ದಾಟುತ್ತದೆ, ಅದರಿಂದಲೇ ಎಂಜಿನ್ 100 ಡಿಗ್ರಿಯ ಸುತ್ತಮುತ್ತ ನಿಶ್ಚಿಂತೆಯಿಂದ ಓಡಬಲ್ಲದು. ಹತ್ತು ವರ್ಷ ಬಿಸಿ, ತಂಪು, ಒತ್ತಡಗಳನ್ನು ಉಂಡ ಪ್ಲಾಸ್ಟಿಕ್ ಟ್ಯಾಂಕಿಯ ಹೊಲಿಗೆಯಂಥ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಕೂಲೆಂಟ್ ಸೋರುವುದಕ್ಕಿಂತ ಮೊದಲು ಒತ್ತಡ ಇಳಿಯುತ್ತದೆ, ಒತ್ತಡ ಇಳಿದೊಡನೆ ಕುದಿಬಿಂದು ಇಳಿಯುತ್ತದೆ, ಮೇ ತಿಂಗಳ ಮಧ್ಯಾಹ್ನ ಎಸಿ ಹಾಕಿಕೊಂಡು ನಿಂತ ವಾಹನದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಮಿತಿಮೀರಿ ಕಾಯ್ದು ಅಲ್ಯುಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ಮಟ್ಟ ಇಳಿದಾಗ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ಇದಕ್ಕಿಂತ ನಿಧಾನವಾದ ಹಾನಿ: ಗಡುಸು ನೀರಿನ ಸುಣ್ಣದಂಶ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಲ್ಲಾಗಿ ಕೂರುತ್ತದೆ. ಟ್ಯಾಂಕಿ, ಮುಚ್ಚಳ, ಥರ್ಮೊಸ್ಟಾಟ್, ನೀರಿನ ಪಂಪುಗಳನ್ನು ಒಡೆಯುವ ಮೊದಲೇ, ಒಂದೇ ಸಲಕ್ಕೆ ಬದಲಿಸುವುದು ಹತ್ತು ವರ್ಷ ಸಮೀಪಿಸಿದ ವಾಹನಕ್ಕೆ ಮಾಡಬಹುದಾದ ಅತ್ಯಂತ ಲಾಭದ ಖರ್ಚು.

ಈ ವಾಹನಗಳ ಹೆಮ್ಮೆಯ ಭಾಗವೂ ಹೆದರಿಕೆಯ ಭಾಗವೂ ಆದದ್ದು ಏರ್ ಸಸ್ಪೆನ್ಶನ್. ಉಕ್ಕಿನ ಸ್ಪ್ರಿಂಗಿನ ಬದಲು ಪ್ರತಿ ಚಕ್ರದ ಮೇಲೆ ನೂಲು ಹೆಣೆದ ರಬ್ಬರಿನ ಗಾಳಿಚೀಲವಿರುತ್ತದೆ. 2,400 ಕಿಲೋ ತೂಗುವ ವಾಹನದಲ್ಲಿ ಒಂದೊಂದು ಚೀಲದ ಮೇಲೆ ಸುಮಾರು 550 ಕಿಲೋ ಭಾರ ಬೀಳುತ್ತದೆಂದೂ ಆ ಭಾರವನ್ನು ಹೊರುವ ಗಾಳಿಯ ಅಡ್ಡಕೊಯ್ತ 80 ಚದರ ಸೆಂಟಿಮೀಟರ್ ಎಂದೂ ಇಟ್ಟುಕೊಂಡರೆ, ಒಳಗಿನ ಒತ್ತಡ 7 ಬಾರ್‌ಗೆ ಸಮೀಪ, ಅಂದರೆ ಟೈರಿನೊಳಗಿನ ಒತ್ತಡದ ಮೂರು ಪಟ್ಟಿನ ಹತ್ತಿರ ಬರುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಂತೆಲ್ಲ ಚೀಲದ ರಬ್ಬರು ತನ್ನ ಮೇಲೆ ತಾನೇ ಮಡಿಚಿಕೊಂಡು ಉರುಳುತ್ತದೆ. ಬಿರುಕು ಹುಟ್ಟುವುದು ಆ ಮಡಿಕೆಯಲ್ಲಿ, ದಖನ್ನಿನ ಗರಸು ಧೂಳು ಸಿಕ್ಕಿಕೊಂಡು ಉಜ್ಜುವುದೂ ಅದೇ ಮಡಿಕೆಯಲ್ಲಿ. ಮೊದಮೊದಲು ಸೋರಿಕೆ ಎಷ್ಟು ಸಣ್ಣದೆಂದರೆ ಓಡುವಾಗ ಅದು ತಿಳಿಯುವುದೇ ಇಲ್ಲ: ಎತ್ತರ ಅಳೆಯುವ ಸೆನ್ಸರು ಕೊರತೆಯನ್ನು ಗಮನಿಸಿ ಕಂಪ್ರೆಸರಿಗೆ ತಿಳಿಸುತ್ತದೆ, ಕಂಪ್ರೆಸರ್ ಗಾಳಿ ತುಂಬುತ್ತದೆ. ರಾತ್ರಿ ನಿಂತ ವಾಹನದ ಒಂದು ಮೂಲೆ ಬೆಳಿಗ್ಗೆ ಕುಸಿದಿದ್ದು, ಸ್ಟಾರ್ಟ್ ಮಾಡಿದ ಮೇಲೆ ನಿಧಾನವಾಗಿ ಮೇಲೇಳುವುದೇ ಮೊದಲ ಸೂಚನೆ.

ಆ ಹಂತದಲ್ಲಿ ಸೋಪಿನ ನೀರು ಚಿಮುಕಿಸಿ ಗುಳ್ಳೆ ಏಳುವ ಜಾಗ ಕಂಡುಹಿಡಿದು ಒಂದು ಚೀಲ ಬದಲಿಸಿದರೆ ವಿಷಯ ಮುಗಿಯುತ್ತದೆ. ತಡಮಾಡಿದರೆ ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಕಾಯುತ್ತದೆ. ಅದರೊಡನೆ ಇರುವ ತೇವಹೀರಕದ ಕಾಳುಗಳು, ಹೊರಹೋಗುವ ಒಣಗಾಳಿಯಿಂದ ಒಣಗಲು ಅವಕಾಶವಿಲ್ಲದೆ, ಮಳೆಗಾಲದ ತೇವದಿಂದ ತುಂಬಿ ಕೆಲಸ ನಿಲ್ಲಿಸುತ್ತವೆ. ತೇವ ಮುಂದೆ ಸಾಗಿ ಕವಾಟಗಳ ಪೆಟ್ಟಿಗೆಯನ್ನು ಹೊಗುತ್ತದೆ. ಒಂದು ಚೀಲದ ಖರ್ಚು ಚೀಲ, ಕಂಪ್ರೆಸರ್, ಕವಾಟ ಮೂರರ ಖರ್ಚಾಗುತ್ತದೆ. ವಾಹನವನ್ನು ಮೈ ಕುಸಿದ ಸ್ಥಿತಿಯಲ್ಲಿ ಓಡಿಸುವುದಂತೂ ಚೀಲದ ಮಡಿಕೆಯನ್ನು ಹರಿದುಹಾಕುವ ನೇರ ದಾರಿ. ಉಳಿದಂತೆ ಚಕ್ರವನ್ನು ಮೈಗೆ ಜೋಡಿಸುವ ಕಂಟ್ರೋಲ್ ಆರ್ಮುಗಳ ಬುಶ್ಶುಗಳು, ಬಾಲ್ ಜಾಯಿಂಟುಗಳು ಸ್ಪೀಡ್ ಬ್ರೇಕರುಗಳ ಲೆಕ್ಕದಲ್ಲಿ ಸವೆಯುತ್ತವೆ. ಭಾರ ಹೆಚ್ಚಾದಷ್ಟೂ ಬೇಗ.

ಟೈರುಗಳ ವಿಷಯದಲ್ಲಿ ಒಂದು ಸಣ್ಣ ಲೆಕ್ಕ ಸಾಕು. ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯೊಳಗೆ, ಎಂದರೆ ಟ್ರಾನ್ಸ್‌ಫರ್ ಕೇಸಿನಲ್ಲಿ, ಎಷ್ಟೋ ವಾಹನಗಳಲ್ಲಿ ಒಂದರ ಮೇಲೊಂದು ಒತ್ತಿ ಹಿಡಿಯುವ ಕ್ಲಚ್ ಬಿಲ್ಲೆಗಳಿವೆ. ಹಣ ಉಳಿಸಲೆಂದು ಹಿಂದಕ್ಕೆ ಮಾತ್ರ ಹೊಸ ಟೈರು ಹಾಕಿ, ಮುಂದಿನವು 4 ಮಿಲಿಮೀಟರ್ ಸವೆದಿದ್ದರೆ, ಸುಮಾರು 37 ಸೆಂಟಿಮೀಟರ್ ತ್ರಿಜ್ಯದ ಚಕ್ರಗಳಲ್ಲಿ ಮುಂದಿನವು ಪ್ರತಿ ಕಿಲೋಮೀಟರಿಗೆ ನಾಲ್ಕೈದು ಸುತ್ತು ಹೆಚ್ಚು ತಿರುಗಬೇಕಾಗುತ್ತದೆ. ಹೈದರಾಬಾದಿನಿಂದ ಬೆಂಗಳೂರಿಗೆ ಹೋಗುವ ಸುಮಾರು 570 ಕಿಲೋಮೀಟರಿನಲ್ಲಿ ಈ ವ್ಯತ್ಯಾಸ ಎರಡೂವರೆ ಸಾವಿರ ಸುತ್ತನ್ನು ಮೀರುತ್ತದೆ, ಆ ಸುತ್ತುಗಳಷ್ಟೂ ಕ್ಲಚ್ ಬಿಲ್ಲೆಗಳ ಘರ್ಷಣೆಯಾಗಿ, ಶಾಖವಾಗಿ ಹೊರಬೀಳುತ್ತವೆ.

ಗೇರ್‌ಬಾಕ್ಸಿನ ಬಗ್ಗೆ ಬಹುಕಾಲದಿಂದ ಬೇರೂರಿದ ತಪ್ಪು ತಿಳಿವಳಿಕೆಯೊಂದಿದೆ. ಬಿಎಂಡಬ್ಲ್ಯೂ, ಆಡಿ, ರೇಂಜ್ ರೋವರ್ ಮೊದಲಾದ ಹಲವು ಎಸ್‌ಯುವಿಗಳಲ್ಲಿ ಬರುವ ಜರ್ಮನಿಯ ಝಡ್‌ಎಫ್ ಸಂಸ್ಥೆಯ ಎಂಟು ಗೇರಿನ ಸ್ವಯಂಚಾಲಿತ ಪೆಟ್ಟಿಗೆಯಲ್ಲಿರುವ ಆಯಿಲ್ 'ಜೀವಮಾನಕ್ಕೆ ಸಾಕು' ಎಂದು ಕಾರು ತಯಾರಕರು ಹೇಳಿದ್ದುಂಟು. ಆದರೆ ಪೆಟ್ಟಿಗೆ ಮಾಡಿದ ಝಡ್‌ಎಫ್ ಸಂಸ್ಥೆಯೇ 80,000ದಿಂದ 1,20,000 ಕಿಲೋಮೀಟರಿಗೆ ಅಥವಾ ಎಂಟು ವರ್ಷಕ್ಕೆ ಬದಲಿಸಬೇಕೆಂದು ಸಲಹೆ ನೀಡುತ್ತದೆ. ಎರಡನೆಯ ಮಾತನ್ನೇ ನಂಬುವುದು ಒಳಿತು. ಇದರ ತಳದ ಪ್ಲಾಸ್ಟಿಕ್ ತಟ್ಟೆಯಲ್ಲಿಯೇ ಫಿಲ್ಟರ್ ಸೇರಿಕೊಂಡಿರುವುದರಿಂದ ತಟ್ಟೆಯನ್ನೇ ಬದಲಿಸಬೇಕು. ಇನ್ನು ಆಯಿಲಿನ ಮಟ್ಟವನ್ನು ಎಂಜಿನ್ ಓಡುತ್ತಿರುವಾಗ, ಆಯಿಲ್ 30ರಿಂದ 50 ಡಿಗ್ರಿಯ ನಡುವೆ ಇರುವಾಗ ನೋಡಬೇಕು, ಏಕೆಂದರೆ ಕಾದ ಆಯಿಲ್ ಹಿಗ್ಗಿ ಮಟ್ಟ ಹೆಚ್ಚಿದಂತೆ ತೋರಿಸುತ್ತದೆ. ಮೇ ತಿಂಗಳ ಮಧ್ಯಾಹ್ನ ಹೈದರಾಬಾದಿನ ಶೆಡ್ಡಿನಲ್ಲಿ ನಿಂತ ವಾಹನದ ಆಯಿಲ್ ಎಂಜಿನ್ ಹಚ್ಚುವ ಮೊದಲೇ 40 ಡಿಗ್ರಿ ದಾಟಿರುವುದರಿಂದ, ತುಂಬಿ ನೋಡುವಷ್ಟರಲ್ಲಿ ಆ ಅವಕಾಶ ಕೈತಪ್ಪುತ್ತದೆ. ಕೆಲಸ ಬಲ್ಲವರು ಇದನ್ನು ಬೇಸಿಗೆಯಲ್ಲಿ ಬೆಳಗಿನ ಹೊತ್ತು ಮಾಡುತ್ತಾರೆ.

ಶಾಖದಷ್ಟೇ ನೀರೂ ಈ ವಾಹನಗಳ ವೈರಿ. 2020ರ ಅಕ್ಟೋಬರ್ 13ರ ರಾತ್ರಿ ಸುರಿದ ಮಳೆಗೆ ಹೈದರಾಬಾದಿನ ಎಷ್ಟೋ ಬಡಾವಣೆಗಳಲ್ಲಿ ಕಾರುಗಳು ತೇಲಿಹೋದವು, ನೆಲಮಾಳಿಗೆಯ ಪಾರ್ಕಿಂಗುಗಳು ಕೆರೆಗಳಾದವು. ನೀರು ಕುಡಿದ ಎಂಜಿನ್ನಿಗೆ ಆಗುವ ಅಪಾಯದ ಪ್ರಮಾಣ ಹೀಗಿದೆ: ಮೂರು ಲೀಟರಿನ, ಆರು ಸಿಲಿಂಡರಿನ ಡೀಸೆಲ್ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಗಾತ್ರ 500 ಮಿಲಿಲೀಟರ್, ಗಾಳಿಯನ್ನು ಹದಿನಾರರಲ್ಲೊಂದು ಪಾಲಿಗೆ ಒತ್ತುವ ಎಂಜಿನ್ ಅದಾಗಿದ್ದರೆ ಪಿಸ್ಟನ್ ತುದಿ ಮುಟ್ಟಿದಾಗ ಉಳಿಯುವ ಜಾಗ ಸುಮಾರು 33 ಮಿಲಿಲೀಟರ್. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಮೂರು ದೊಡ್ಡ ಚಮಚದಷ್ಟು ನೀರು ಒಳಹೊಕ್ಕರೂ ಪಿಸ್ಟನ್ ಗೋಡೆಗೆ ಬಡಿದಂತೆ ನಿಂತು, ಅದನ್ನು ತಳ್ಳುತ್ತಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ನಿಂತುಹೋದ ವಾಹನವನ್ನು ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸಬಾರದೆಂಬ ಎಚ್ಚರಿಕೆಯ ಹಿಂದಿರುವುದು ಇದೇ ಲೆಕ್ಕ. ಮುಳುಗಿದ್ದ ವಾಹನವನ್ನು ತೊಳೆದು ಹೊಳಪಿಸಿ ಮಾರಿದಾಗ ಅದನ್ನು ಗುರುತಿಸಲು ಸೀಟ್ ಬೆಲ್ಟನ್ನು ಪೂರ್ತಿಯಾಗಿ ಕೊನೆಯವರೆಗೆ ಎಳೆದು ನೋಡುವುದು ಸುಲಭದ ಉಪಾಯ. ಸುರುಳಿಯ ಒಳಭಾಗದ ಪಟ್ಟಿಯನ್ನು ತೊಳೆಯುವವರು ವಿರಳ, ಅಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ.

ಪ್ರವಾಹವಿಲ್ಲದೆಯೂ ನೀರು ಒಳನುಗ್ಗಬಲ್ಲದು. ಸನ್‌ರೂಫಿನ ಸುತ್ತಲಿನ ಕಾಲುವೆಗೆ ಬಿದ್ದ ಮಳೆನೀರು ಕಂಬಗಳೊಳಗಿನ ತೆಳು ಕೊಳವೆಗಳಲ್ಲಿ ಇಳಿದು ಹೊರಹೋಗಬೇಕು; ಬೇವಿನ ಎಲೆ, ಧೂಳು ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಕಾರ್ಪೆಟ್ಟಿನ ಕೆಳಗಿನ ಸ್ಪಂಜಿಗೆ ಇಳಿಯುತ್ತದೆ, ಹಲವು ಮಾದರಿಗಳಲ್ಲಿ ಅಲ್ಲಿಯೇ ಬೆಲೆಬಾಳುವ ಕಂಟ್ರೋಲ್ ಮಾಡ್ಯೂಲುಗಳೂ ಇರುತ್ತವೆ. ಮಳೆಗಾಲಕ್ಕೆ ಮುನ್ನ ಒಂದು ಲೋಟ ನೀರು ಹೊಯ್ದು ಕೆಳಗೆ ಇಳಿಯುವುದನ್ನು ನೋಡಿಕೊಂಡರೆ ಈ ಹಾನಿ ತಪ್ಪುತ್ತದೆ. ಇಲ್ಲವಾದರೆ ಸಂಬಂಧವೇ ಇಲ್ಲದ ಹತ್ತು ದೀಪಗಳು ಡ್ಯಾಶ್‌ಬೋರ್ಡಿನಲ್ಲಿ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಮುದಿಯಾದ ಬ್ಯಾಟರಿಯೂ ಇದೇ ಭ್ರಮೆ ಹುಟ್ಟಿಸುತ್ತದೆ: ವೋಲ್ಟೇಜು ಇಳಿದಾಗ ಒಂದಕ್ಕೊಂದು ಸಂದೇಶ ಕಳಿಸುವ ಕಂಪ್ಯೂಟರುಗಳು ತಡವರಿಸಿ, ಎಲ್ಲವೂ ಕೆಟ್ಟಂತೆ ದೂರು ದಾಖಲಿಸುತ್ತವೆ. ಹಾಗಾಗಿ ಆ ದೂರುಗಳನ್ನು ಓದುವ ಸ್ಕ್ಯಾನರ್ ತೋರಿಸಿದ ಸಂಖ್ಯೆಗೆ ಅನುಗುಣವಾಗಿ ಒಂದೊಂದೇ ಬಿಡಿಭಾಗವನ್ನು ಬದಲಿಸುತ್ತ ಹೋಗುವುದು ದುರಸ್ತಿಯಲ್ಲ. ಆ ಸಂಖ್ಯೆ ಎಲ್ಲಿ ನೋಡಬೇಕೆಂದು ಹೇಳುತ್ತದೆಯೇ ಹೊರತು ಏನು ಕೆಟ್ಟಿದೆಯೆಂದು ಹೇಳುವುದಿಲ್ಲ.

ಬಿಡಿಭಾಗಗಳಿಗೆ ಸಿಕಂದರಾಬಾದಿನ ರಾಣಿಗಂಜ್ ಬೀದಿಗಳು ಹಳೆಯ ಹೆಸರು. ಕಾರು ಕಂಪನಿಯ ಲಾಂಛನವಿರುವ ಪೆಟ್ಟಿಗೆಯ ಭಾಗ, ಅದೇ ಭಾಗವನ್ನು ಕಂಪನಿಗೆ ಮಾಡಿಕೊಟ್ಟ ಮೂಲ ತಯಾರಕರು ತಮ್ಮದೇ ಹೆಸರಿನಲ್ಲಿ ಮಾರುವ ಭಾಗ, ಬರಿಯ ಅಳತೆಗೆ ಹೊಂದುವ ಅಗ್ಗದ ನಕಲು, ಈ ಮೂರರ ವ್ಯತ್ಯಾಸ ತಿಳಿದಿರುವ ಒಡೆಯರು ಎರಡನೆಯದನ್ನು ಆರಿಸಿ ಹಣ ಉಳಿಸಿಕೊಳ್ಳುತ್ತಾರೆ. ಬೀದರ, ರಾಯಚೂರಿನ ಕಡೆಗೆ ವಾಹನವನ್ನು ಒಯ್ಯುವವರು ತೆಲಂಗಾಣದ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆದು, ಹನ್ನೆರಡು ತಿಂಗಳು ಮೀರಿ ಕರ್ನಾಟಕದಲ್ಲಿ ಇಟ್ಟುಕೊಳ್ಳುವುದಾದರೆ ಹೊಸ ನೋಂದಣಿ ಮಾಡಿಸಿ ಆ ರಾಜ್ಯದ ತೆರಿಗೆ ಕಟ್ಟಬೇಕಾಗುವುದರಿಂದ, ಆ ಮೊತ್ತವನ್ನೂ ಕೊಳ್ಳುವ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಕೊಳ್ಳುವ ಮುನ್ನ ವಾಹನವನ್ನು ನೋಡಲು ತಕ್ಕ ಸಮಯ ಬೆಳಗಿನ ಆರು ಗಂಟೆ, ಯಾರೂ ಎಂಜಿನ್ ಹಚ್ಚುವ ಮೊದಲು. ಹಿಂದಿನ ಸಂಜೆಯೇ ನಾಲ್ಕೂ ಚಕ್ರಗಳ ನಡುವಿನಿಂದ ಮೇಲಿನ ಕಮಾನಿನವರೆಗೆ ಟೇಪಿನಲ್ಲಿ ಅಳೆದು ಬರೆದುಕೊಂಡಿದ್ದರೆ, ರಾತ್ರಿ ಕಳೆದ ಮೇಲೆ ಯಾವ ಮೂಲೆ ಎಷ್ಟು ಇಳಿದಿದೆಯೆಂಬುದು ಗೊತ್ತಾಗುತ್ತದೆ. ಬಾನೆಟ್ಟಿನ ಮೇಲೆ ಕೈಯಿಟ್ಟು ಎಂಜಿನ್ ತಣ್ಣಗಿದೆಯೆಂದು ಖಚಿತಪಡಿಸಿಕೊಂಡ ನಂತರ ಸ್ಟಾರ್ಟ್ ಮಾಡಿಸಿ, ಮೊದಲ ನಾಲ್ಕೈದು ಸೆಕೆಂಡುಗಳ ಸದ್ದನ್ನು ಹಿಂಬದಿಯಿಂದಲೂ ಮುಂಬದಿಯಿಂದಲೂ ಕೇಳಬೇಕು. ಆಮೇಲೆ ಸ್ಕ್ಯಾನರ್ ಜೋಡಿಸಿಕೊಂಡೇ ಹೊರವರ್ತುಲ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ, ಶೋಧಕದ ಎರಡು ಬದಿಗಳ ಒತ್ತಡದ ಅಂತರವನ್ನೂ ಕೂಲೆಂಟಿನ ತಾಪವನ್ನೂ ಗಮನಿಸಿ, ಮರಳಿ ಬಂದು ಬಿಸಿಲಿನಲ್ಲಿ ಎಸಿ ಹಾಕಿ ಇಪ್ಪತ್ತು ನಿಮಿಷ ನಿಲ್ಲಿಸಿದಾಗ ಆ ತಾಪ ಏರುತ್ತ ಹೋಗುವುದೋ ನಿಲ್ಲುವುದೋ ನೋಡಬೇಕು. ಕೊನೆಗೆ ಗ್ಯಾರೇಜಿನ ಲಿಫ್ಟಿನ ಮೇಲೇರಿಸಿ, ತಳದ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿಸಿ, ಬೆಲ್‌ಹೌಸಿಂಗಿನ ಕೆಳಗಿನ ಅಂಚಿನ ಮೇಲೆ ಬೆರಳಾಡಿಸಿದರೆ, ಅಂಟುವುದು ಒಣ ಧೂಳೋ ಆಯಿಲ್ ನೆನೆದ ಕಪ್ಪು ಕೆಸರೋ ಎಂಬುದು ತಿಳಿಯುತ್ತದೆ.